ಏಜಾಕ್ಸನ ಖಡ್ಗ, ಯಶೋಧರನ ಹಿಟ್ಟಿನ ಕೋಳಿ

ದುರಂತ ನಾಟಕದ ನಾಯಕನು ದುಷ್ಟನಾಗಿರಬಾರದು, ಸರ್ವಗುಣಸಂಪನ್ನನೂ ಆಗಿರಬಾರದು. ಈ ಎರಡರ ನಡುವಿನವನಾದ ಅವನು ಯಾವುದೋ ಒಂದು 'ಹಮಾರ್ಟಿಯ'ದಿಂದ ಪತನ ಹೊಂದಬೇಕು ಎಂಬುದು ಅರಿಸ್ಟಾಟಲನ ಮತ. ಇದನ್ನು ದುರಂತ ದೋಷವೆಂದು ಕರೆಯುವುದುಂಟು. ಮೂಲದಲ್ಲಿ ಆ ಪದಕ್ಕೆ ಗುರಿ ತಪ್ಪುವುದು ಎಂಬ ಅರ್ಥ. ಹಾಗಾದರೆ ಪತನಕ್ಕೆ ಕಾರಣ ಬುದ್ಧಿಯ ಪ್ರಮಾದವೋ, ಶೀಲದ ದೋಷವೋ? ಕರ್ಮಸಿದ್ಧಾಂತವನ್ನು ನಂಬಿದವರಿಗೆ ಇದು ಬರಿಯ ಸಾಹಿತ್ಯದ ಪ್ರಶ್ನೆಯಾಗಿ ಉಳಿಯದು.

ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ನೋಡೋಣ. ಬಿ.ಎಂ.ಶ್ರೀಯವರು 1929ರಲ್ಲಿ 'ಅಶ್ವತ್ಥಾಮನ್' ಎಂದು ಕನ್ನಡಕ್ಕೆ ರೂಪಾಂತರಿಸಿದ್ದು ಇದನ್ನೇ. ಮಡಿದ ಅಕಿಲೀಸನ ಆಯುಧಗಳು ತನಗೆ ದೊರೆಯದೆ ಒಡಿಸ್ಯೂಸನ ಪಾಲಾದಾಗ, ಏಜಾಕ್ಸನು ಗ್ರೀಕ್ ಸೇನಾನಾಯಕರನ್ನೇ ಕೊಲ್ಲಲು ಇರುಳಿನಲ್ಲಿ ಹೊರಡುತ್ತಾನೆ. ದೇವತೆ ಅಥೀನಾ ಅವನಿಗೆ ಮತಿಭ್ರಮಣೆಯನ್ನುಂಟುಮಾಡುತ್ತಾಳೆ. ಅವನು ಕಡಿದುದು ದನಕುರಿಗಳನ್ನು, ಅವುಗಳ ಕಾವಲಿನವರನ್ನು. ಕಡಿದೆನೆಂದು ಭಾವಿಸಿದುದು ಶತ್ರುಗಳನ್ನು.

ಇಲ್ಲಿ ಜನ್ನನ ಯಶೋಧರನು ನೆನಪಾಗದಿರನು. 1209ರ ಆ ಕಾವ್ಯದಲ್ಲಿ ಅರಸನು ತಾಯಿಯ ಮಾತಿಗೆ ಮಣಿದು ಕಡಿದುದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ, ಸಂಕಲ್ಪದಲ್ಲಿ ಹಿಂಸೆಯಿತ್ತು. ಈ ನ್ಯಾಯದಿಂದ ನೋಡಿದರೆ ಏಜಾಕ್ಸನಿಗೆ ಅವನ ಭ್ರಮೆ ರಕ್ಷೆಯಾಗದು. ಭ್ರಮೆಯಿಂದ ಬಲಿ ಬದಲಾಯಿತು, ಭಾವ ಹಾಗೆಯೇ ಉಳಿಯಿತು. ಕತ್ತಿ ಗುರಿ ತಪ್ಪಿದ್ದು ನಿಜ. ದೋಷವು ಕತ್ತಿ ಎತ್ತುವ ಮೊದಲೇ ಇತ್ತು.

ಹಾಗೆಂದು ಆ ವೀರನನ್ನು ಪಾಪಿಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಟ್ರಾಯ್‌ನವರು ಹಡಗುಗಳಿಗೆ ಬೆಂಕಿಯಿಡಲು ಬಂದಾಗ ಅವನನ್ನು ನಿಲ್ಲಿಸಿದುದೂ ಆ ಬಗ್ಗದ ಗುಣವೇ. ಆದರೆ ಭ್ರಮೆ ಹರಿದ ಮೇಲೆ ಅವನು ಕೊಂದುದಕ್ಕಾಗಿ ಮರುಗುವುದಿಲ್ಲ, ನಗೆಗೀಡಾದೆನೆಂದು ಬೇಯುತ್ತಾನೆ. ದೇವರ ನೆರವಿನೊಡನೆ ಗೆಲ್ಲು ಎಂದು ಹರಸಿದ ತಂದೆಗೆ, ಆ ನೆರವಿದ್ದರೆ ಅಲ್ಪನೂ ಗೆದ್ದಾನು ಎಂದು ಉತ್ತರಿಸಿದ್ದವನು ಅವನು. ಆಚಾರ್ಯ ನೇಮಿಚಂದ್ರರು 'ಗೊಮ್ಮಟಸಾರ'ದಲ್ಲಿ ಮಾನಕಷಾಯದ ತರತಮಗಳನ್ನು ಕಲ್ಲು, ಎಲುಬು, ಮರ, ಬೆತ್ತಗಳಿಗೆ ಹೋಲಿಸಿದ್ದಾರೆ. ಏಜಾಕ್ಸನದು ಕಲ್ಲು. ಟೆಕ್ಮೆಸ್ಸಳ ಮೊರೆಯೂ ಎಳೆಯ ಮಗನ ಮುಖವೂ ಅದನ್ನು ಬಾಗಿಸಲಿಲ್ಲ. ಶತ್ರುವಾದ ಹೆಕ್ಟರನು ಹಿಂದೊಮ್ಮೆ ಉಡುಗೊರೆಯಾಗಿ ಕೊಟ್ಟಿದ್ದ ಖಡ್ಗವನ್ನು ನೆಲದಲ್ಲಿ ನೆಟ್ಟು, ಅದರ ಮೇಲೆ ಬಿದ್ದು ಪ್ರಾಣ ಬಿಟ್ಟನು.

ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಶವಕ್ಕೆ ಸಂಸ್ಕಾರ ಕೂಡದೆಂದು ಅಗಮೆಮ್ನಾನನು ಹಟ ಹಿಡಿದಾಗ ವಾದಿಸಿ ಒಪ್ಪಿಸುವವನು, ಏಜಾಕ್ಸನು ಯಾರನ್ನು ಕೊಲ್ಲಬೇಕೆಂದಿದ್ದನೋ ಆ ಒಡಿಸ್ಯೂಸನೇ. ತಮ್ಮನಾದ ಟ್ಯೂಸರನು ಅವನನ್ನು ಕೃತಜ್ಞತೆಯಿಂದ ಕೊಂಡಾಡುತ್ತಾನೆ. ಆದರೂ ಸತ್ತವನು ಒಪ್ಪಲಾರನೇನೋ ಎಂದು ಅಳುಕಿ, ಶವವನ್ನು ಮುಟ್ಟಗೊಡುವುದಿಲ್ಲ.