ಲೇಔಟ್ ಆಗಬೇಕಿದ್ದ ಕಡಲಂಚು

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರು ದಾಟಿ, ಒಂದನೇ ನಂಬರಿನ ಹೆದ್ದಾರಿಯಲ್ಲಿ ತುಸು ದಕ್ಷಿಣಕ್ಕೆ ಹೋದರೆ ಪಾಯಿಂಟ್ ಲೋಬೋಸ್ ಎಂಬ ರಕ್ಷಿತ ಕಡಲಂಚು ಸಿಗುತ್ತದೆ. ರಜಾದಿನಗಳಲ್ಲಿ ಗೇಟಿನ ಹೊರಗೇ ಕಾರುಗಳ ಸಾಲು. ಒಳಗೆ ಜಾಗ ತುಂಬಿತೆಂದರೆ ಮುಗಿಯಿತು, ಒಂದು ಕಾರು ಹೊರಬಿದ್ದ ಮೇಲೆಯೇ ಇನ್ನೊಂದಕ್ಕೆ ಪ್ರವೇಶ. ಆ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆರಗಾಗಬೇಕಿಲ್ಲ. ಸಾನ್ ಹೊಸೆ, ಸನ್ನಿವೇಲ್ ಕಡೆಯ ನಮ್ಮ ಹುಡುಗರು ಊರಿಂದ ಬಂದ ಅಪ್ಪ ಅಮ್ಮನಿಗೆ ಗೋಲ್ಡನ್ ಗೇಟ್ ಸೇತುವೆ ತೋರಿಸಿಯಾದ ಮೇಲೆ ಹೊರಡಿಸುವುದು ಈ ಕಡೆಗೇ. ಡಿಕ್ಕಿಯಲ್ಲಿ ಚಿತ್ರಾನ್ನದ ಡಬ್ಬಿ ಇರುತ್ತದೆ. "ಇಷ್ಟು ದೂರ ಬಂದು ಕಾಯೋದಾ? ಇನ್ನೊಂದಿಷ್ಟು ಪಾರ್ಕಿಂಗ್ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಹಿಂದಿನ ಸೀಟಿನಿಂದ ಅಪ್ಪನ ಪ್ರಶ್ನೆ. ಇಲ್ಲಿ ಆಗದೆ ಉಳಿದದ್ದು ಪಾರ್ಕಿಂಗ್ ಒಂದೇ ಅಲ್ಲ. ಹಿಂದೊಮ್ಮೆ ಈ ಇಡೀ ಕಡಲಂಚು ಲೇಔಟ್ ಆಗುವುದರಲ್ಲಿತ್ತು.

1890ರ ಸುಮಾರಿಗೆ ಕಲ್ಲಿದ್ದಲು ಕಂಪನಿಯೊಂದು ಈ ನೆಲವನ್ನು ಸಾವಿರದಷ್ಟು ಸೈಟುಗಳಾಗಿ ವಿಂಗಡಿಸಿ ಮಾರಾಟಕ್ಕಿಟ್ಟಿತ್ತು. ಬೆಂಗಳೂರು, ಮಂಗಳೂರಿನವರಿಗೆ ಮುಂದಿನ ಕತೆ ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಕತೆ ತಿರುಗಿತು. 1898ರಲ್ಲಿ ಅಲೆಕ್ಸಾಂಡರ್ ಅಲನ್ ಎಂಬ ವ್ಯವಹಾರಸ್ಥ 640 ಎಕರೆ ಕೊಂಡ. ಅಷ್ಟಕ್ಕೇ ನಿಲ್ಲದೆ, ಆಗಲೇ ಮಾರಿಹೋಗಿದ್ದ ಸೈಟುಗಳನ್ನೂ ಒಂದೊಂದಾಗಿ ಮರಳಿ ಕೊಳ್ಳುತ್ತ ಹೋದ. ದಾರಿಗೆ ಗೇಟು ಹಾಕಿ, ಬರುವ ಗಾಡಿಗಳಿಗೆ ಸುಂಕ ಗೊತ್ತುಮಾಡಿದ. ಸಂತನೇನಲ್ಲ. ಹಸು ಕಟ್ಟಿ ಹಾಲು ಮಾರಿದ, ಕಡಲಚಿಪ್ಪಿನ ಮಾಂಸವನ್ನು ಡಬ್ಬಕ್ಕೆ ತುಂಬುವ ಕಾರ್ಖಾನೆಗೆ ಪಾಲುದಾರನಾದ. ದುಡ್ಡು ಮಾಡುವ ದಾರಿಗಳಲ್ಲಿ ಈ ತುದಿಯ ಸೈಟು ಮಾರುವುದೊಂದನ್ನು ಮಾತ್ರ ಮುಟ್ಟಲಿಲ್ಲ. ಅವನು ತೀರಿಕೊಂಡ ಮೇಲೆ, 1933ರಲ್ಲಿ, ಮನೆಯವರು ನೆಲವನ್ನು ಸರ್ಕಾರಕ್ಕೆ ಮಾರಿದರು. ಸೈಪ್ರೆಸ್ ಮರಗಳಿರುವ ಬಂಡೆಕೋಡನ್ನು ತಂದೆತಾಯಿಯ ನೆನಪಿಗೆಂದು ದಾನ ಕೊಟ್ಟರು. ಅಮೆರಿಕದಲ್ಲಿ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದ ವರ್ಷ ಅದು. ಅಂಥ ಹೊತ್ತಲ್ಲಿ ಮರ, ಬಂಡೆ, ಗಾಳಿಗೆ ಸರ್ಕಾರಿ ಹಣ ಬಿಚ್ಚಿದ್ದು ನನಗೆ ಈಗಲೂ ಸೋಜಿಗವೇ.

ದಾನವಾಗಿ ಬಂದ ಆ ತೋಪಿಗೆ ಸುತ್ತುದಾರಿಯೊಂದಿದೆ. ಮಂಡಿನೋವಿನವರೂ ನಡೆಯಬಹುದು. ಮಾಂಟೆರೇ ಸೈಪ್ರೆಸ್ ಇಂದು ಲೋಕದ ಎಷ್ಟೋ ಕಡೆ ನೆಟ್ಟುಬೆಳೆಸಿದ ಮರ, ಆದರೆ ತಾನಾಗಿ ಹುಟ್ಟಿ ಬೆಳೆದಿರುವುದು ಇಲ್ಲಿ ಮತ್ತು ಕೊಲ್ಲಿಯ ಆಚೆಗಿನ ಪೆಬಲ್ ಬೀಚಿನ ಬಳಿ, ಎರಡೇ ತೋಪುಗಳಲ್ಲಿ. ಉಪ್ಪುಗಾಳಿಗೆ ಬೆನ್ನು ಕೊಟ್ಟು, ಬಂಡೆಯ ಬಿರುಕಿಗೆ ಬೇರಿಳಿಸಿ ನಿಂತಿವೆ. ಹತ್ತಿರ ಹೋದರೆ ಒಣಗಿದ ಕೆಳಗೊಂಬೆಗಳ ತುಂಬ ಕೇಸರಿ ಬಣ್ಣದ ಜೂಲು, ಯಾರೋ ಅರಿಸಿನ ಕುಂಕುಮ ಕಲಸಿ ಮೆತ್ತಿದ ಹಾಗೆ. ರೋಗವಿರಬೇಕು ಎನಿಸುತ್ತದೆ, ಅಲ್ಲ. ಟ್ರೆಂಟಿಪೋಲಿಯಾ ಎಂಬ ಪಾಚಿ ಅದು. ವಂಶದಿಂದ ಹಸಿರು ಪಾಚಿಯೇ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೋಟಿನ್ ಮೈತುಂಬ ಇರುವುದರಿಂದ ಹಸಿರು ಮುಚ್ಚಿಹೋಗುತ್ತದೆ. ಮರದಿಂದ ಅದು ಏನನ್ನೂ ಕಸಿಯುವುದಿಲ್ಲ. ಇದೇ ಕುಲದ ಪಾಚಿ ನಮ್ಮ ಮಗ್ಗುಲಲ್ಲೂ ಸುದ್ದಿ ಮಾಡಿತ್ತು. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದು, ಆಕಾಶದಿಂದ ರಕ್ತ ಸುರಿಯಿತೆಂದು ಜನ ಗಾಬರಿಬಿದ್ದರಲ್ಲ, ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಸಿಕ್ಕಿದ್ದು ಇದರ ಬೀಜಕಣಗಳು.

ದಾರಿಯ ಎರಡೂ ಬದಿ ತೆಳ್ಳನೆಯ ತಂತಿ ಕಟ್ಟಿದ್ದಾರೆ. ಮಕ್ಕಳೂ ದಾಟಬಹುದಾದಷ್ಟು ತಗ್ಗು. ಆದರೂ ದಾಟುವವರು ಕಡಿಮೆ. ಶಿಸ್ತು ಒಂದು ಕಾರಣ, ಪಾಯ್ಸನ್ ಓಕ್ ಎಂಬ ಮೂರೆಲೆಯ ಪೊದೆ ಇನ್ನೊಂದು. ಹೆಸರಲ್ಲಿ ಓಕ್ ಇದ್ದರೂ ಅದು ಗೇರಿನ ಬಳಗದ್ದು. ಹೊಳಗೇರು ತಾಗಿ ಮೈಯೆಲ್ಲ ಬೊಕ್ಕೆಯೆದ್ದ ಮಲೆನಾಡಿಗರಿಗೆ, ಗೇರುಬೀಜದ ಸೊನೆ ಸುಟ್ಟ ಕರಾವಳಿಯವರಿಗೆ ಇದಕ್ಕಿಂತ ಹೆಚ್ಚು ವಿವರ ಬೇಕಿಲ್ಲ.

ಇಲ್ಲಿಗೆ ಬಂದವರ ಬಾಯಲ್ಲಿ, ಮನುಷ್ಯ ಮುಟ್ಟದ ಪ್ರಕೃತಿ ಎಂಬ ಮಾತು ಸಲೀಸಾಗಿ ಬರುತ್ತದೆ. ವೇಲರ್ಸ್ ಕೋವ್ ಎಂಬ ಪುಟ್ಟ ಕೊಲ್ಲಿಯ ಪಕ್ಕದ ಮರದ ಗುಡಿಸಲು ಹೊಕ್ಕರೆ ಆ ಮಾತು ಅಲ್ಲೇ ಬಿದ್ದುಹೋಗುತ್ತದೆ. 1850ರ ದಶಕದಲ್ಲಿ ಚೀನೀ ಮೀನುಗಾರರು ಕಟ್ಟಿಕೊಂಡದ್ದು. ನೆಲದ ಹಲಗೆಗಳಿಗೆ ಆಧಾರವಾಗಿ ಕೆಳಗೆ ಕೊಟ್ಟಿರುವುದು ತಿಮಿಂಗಿಲದ ಬೆನ್ನುಮೂಳೆಯ ತುಂಡುಗಳನ್ನು. ಅವರಿಗೂ ಮುಂಚೆ ಸಾವಿರಾರು ವರ್ಷ ರಮ್ಸೆನ್ ಜನ ಇಲ್ಲಿ ಚಿಪ್ಪು ಆಯ್ದು ತಿಂದಿದ್ದರು. ಆಮೇಲೆ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು ಬಂದು ದಡದಲ್ಲೇ ಕಡಾಯಿ ಇಟ್ಟು ಕೊಬ್ಬು ಕಾಯಿಸಿದರು. ಇನ್ನು ಕೆಲವರು ಗ್ರಾನೈಟ್ ಒಡೆದರು, ಕಲ್ಲಿದ್ದಲು ಹಡಗಿಗೆ ಸುರಿದರು. ಜಪಾನಿನ ಗೆನ್ನೊಸುಕೆ ಕೊಡಾನಿ ತನ್ನ ನಾಡಿನ ಮುಳುಗುಗಾರರನ್ನು ಕರೆಸಿ, ಅಬಲೋನಿ ಎಂಬ ಕಡಲಚಿಪ್ಪಿಗಾಗಿ ಮೈ ಕೊರೆಯುವ ನೀರಿಗೆ ಲೋಹದ ಶಿರಸ್ತ್ರಾಣ ತೊಡಿಸಿ ಇಳಿಸಿದ. ಅಲನ್ ಪಾಲುದಾರನಾಗಿದ್ದದ್ದು ಇವನ ಕಾರ್ಖಾನೆಗೇ. ಈಗ ಗುಡಿಸಲು ವಸ್ತುಸಂಗ್ರಹಾಲಯ, ಉಳಿದವರೆಲ್ಲ ಬೋರ್ಡಿನ ಮೇಲಿನ ಹೆಸರು. ಮರಗಳನ್ನು ಉಳಿಸಿಕೊಂಡ ಈ ಮಾದರಿಯಲ್ಲಿ ಕಡಲನ್ನು ನಂಬಿ ಬದುಕಿದವರಿಗೆ ಜಾಗವಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಆದರೆ 2024ರಲ್ಲಿ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ ನಮ್ಮ ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ಚಿಪ್ಪಿಕಲ್ಲು ಆಯುವ ಕೈಗಳು ಇನ್ನೂ ಇವೆ.

ಕೊಡಾನಿಗೆ ಅಷ್ಟೊಂದು ಅಬಲೋನಿ ಚಿಪ್ಪು ಸಿಕ್ಕಿದ್ದಾದರೂ ಹೇಗೆ? ಉತ್ತರ ಕೆಲ್ಪ್ ಪಾಚಿಯ ನಡುವೆ ಅಂಗಾತ ಮಲಗಿ ತೇಲುತ್ತಿರುತ್ತದೆ, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತ. ಆ ಟಕಟಕ ಸದ್ದು ದಡದವರೆಗೂ ಕೇಳುತ್ತದೆ. ಕಡಲ ನೀರುನಾಯಿಗೆ ತಿಮಿಂಗಿಲದ ಹಾಗೆ ಕೊಬ್ಬಿನ ಪದರವಿಲ್ಲ, ಚಳಿ ತಡೆಯುವುದು ತುಪ್ಪಳವೇ. ಒಂದು ಚದರ ಇಂಚಿನಲ್ಲಿ ಹತ್ತು ಲಕ್ಷದಷ್ಟು ಕೂದಲು ಇರಬಲ್ಲವು. ಆ ತುಪ್ಪಳದ ಆಸೆಗೆ ವ್ಯಾಪಾರಿಗಳು ಅವನ್ನು ಬೇಟೆಯಾಡಿ ಬರಿದು ಮಾಡಿದ್ದರು. ತಿನ್ನುವ ಬಾಯಿ ಇಲ್ಲವಾದಾಗ ಅಬಲೋನಿ ಬಂಡೆಬಂಡೆಗೂ ಹಬ್ಬಿತು, ಅದರ ಬೆನ್ನಿಗೇ ಕಾರ್ಖಾನೆ ಬಂತು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಯನ್ನು ತಡೆದಾಗ ಇಲ್ಲಿ ನೀರುನಾಯಿಗಳು ಮುಗಿದೇಹೋದವು ಎಂದೇ ಬಹಳ ಜನ ನಂಬಿದ್ದರು. 1938ರಲ್ಲಿ ಇಲ್ಲಿಂದ ತುಸು ದಕ್ಷಿಣಕ್ಕೆ, ಬಿಕ್ಸ್‌ಬಿ ಹಳ್ಳದ ಬಳಿ ಒಂದು ಹಿಂಡು ಕಣ್ಣಿಗೆ ಬಿತ್ತು. ಇಂದು ಕ್ಯಾಲಿಫೋರ್ನಿಯಾದ ಕಡಲಲ್ಲಿರುವ ನೀರುನಾಯಿಗಳೆಲ್ಲ ಹೀಗೆ ಅಳಿದುಳಿದವುಗಳ ಸಂತತಿ.

ಅವು ಹೆಚ್ಚಿದಂತೆ ಮೀನುಗಾರರ ದೂರೂ ಹೆಚ್ಚಿತು: ನಮ್ಮ ಅಬಲೋನಿಯನ್ನೆಲ್ಲ ಇವು ತಿಂದು ಮುಗಿಸುತ್ತಿವೆ! ಜಗಳ ದಶಕಗಟ್ಟಲೆ ನಡೆಯಿತು. ಅಷ್ಟರಲ್ಲಿ ಅತಿಯಾದ ಕೊಯ್ಲು, ರೋಗ ಸೇರಿಕೊಂಡು ಚಿಪ್ಪೇ ಕುಸಿಯಿತು. 1997ರಲ್ಲಿ ವ್ಯಾಪಾರಕ್ಕಾಗಿ ಅಬಲೋನಿ ಹಿಡಿಯುವುದನ್ನು ರಾಜ್ಯ ನಿಲ್ಲಿಸಿತು, 2018ರಲ್ಲಿ ಹವ್ಯಾಸಕ್ಕೆ ಮುಳುಗಿ ತರುವವರಿಗೂ ಬಾಗಿಲು ಮುಚ್ಚಿತು. ಈಗ ಈ ಕಡಲಿನಿಂದ ಅಬಲೋನಿ ಕಿತ್ತು ತಿಂದರೂ ದಂಡ ಕಟ್ಟಬೇಕಿಲ್ಲದ ಗಿರಾಕಿ ನೀರುನಾಯಿ.