ಪರಭೃತ್ ಮತ್ತು ಪರಭೃತ



ಶ್ರಾದ್ಧದ ದಿನವಲ್ಲದೆ ನಾವು ಕಾಗೆಯನ್ನು ಸ್ಮರಿಸುವುದು ವಿರಳ. ಆದರೆ ಮುಂಬಯಿ, ಚೆನ್ನೈಗಳಂತಹ ನಗರಗಳಲ್ಲಿ ಮಳೆಗಾಲಕ್ಕೆ ಮುನ್ನ ಕಿಟಕಿಯೆದುರಿನ ಮರದಲ್ಲಿ ಅದರ ಸಂಸಾರವನ್ನು ನೋಡಬೇಕು. ಕಡ್ಡಿಗಳೊಡನೆ ತಂತಿಯ ತುಂಡುಗಳನ್ನೂ ಹೆಣೆದು ಗೂಡು ಕಟ್ಟಿ, 4-5 ಮೊಟ್ಟೆಗಳಿಗೆ ಸುಮಾರು 16-17 ದಿನ ಕಾವು ಕೊಟ್ಟು, ತಾಯಿತಂದೆಗಳೆರಡೂ ಮರಿಗಳಿಗೆ ಗುಟುಕು ನೀಡುತ್ತವೆ.

ಅದೇ ಗೂಡಿನಲ್ಲಿ ಕೋಗಿಲೆಯೂ ಮೊಟ್ಟೆಯಿಡುವುದುಂಟು. ಅದರ ಮರಿ ಕೆಲವು ದಿನ ಮೊದಲೇ ಹೊರಬಂದು ಆಹಾರಕ್ಕೆ ಬಾಯ್ದೆರೆಯುತ್ತದೆ. ಗೂಡು ಬಿಟ್ಟ ಮೇಲೂ ಕಾಗೆಯೇ ಅದಕ್ಕೆ ಉಣಿಸುತ್ತದೆ. ಅಮರಕೋಶವು ಇವೆರಡಕ್ಕೂ ಕೊಟ್ಟ ಹೆಸರುಗಳನ್ನು ಗಮನಿಸಿರಿ. ಪರರನ್ನು ಪೋಷಿಸುವ ಕಾಗೆ ‘ಪರಭೃತ್’. ಪರರಿಂದ ಪೋಷಿತವಾದ ಕೋಗಿಲೆ ‘ಪರಭೃತ’. ಒಂದು ಅಕಾರದ ಅಂತರ!

ಹಾಗಾದರೆ ಕಾಗೆಯ ಶ್ರಮ ವ್ಯರ್ಥವೇ? ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಭಾಗಿಸಿ, ಭಗವಾನ್ ವಿಷ್ಣುವೇ ಸ್ವತಂತ್ರನೆಂದು ನಿರ್ಣಯಿಸಿದರು. ಆದ್ದರಿಂದ ಮುಖ್ಯಾರ್ಥದಲ್ಲಿ ‘ಪರಭೃತ್’ ಅವನೊಬ್ಬನೇ. ಕಾಗೆಯ ಕೊಕ್ಕಿನಿಂದ ಉಣಿಸುವವನೂ ಅವನೇ. ನಾವು, ನಮ್ಮ ಮಕ್ಕಳು, ಎಲ್ಲರೂ ಪರಭೃತರೇ.

ಕಾಗೆಯ ಗೂಡಿನಲ್ಲಿ ಬೆಳೆದರೂ ಕೋಗಿಲೆ ದೊಡ್ಡದಾದ ಮೇಲೆ ತನ್ನ ಸ್ವರವನ್ನೇ ಹಾಡುತ್ತದೆ. ಸ್ವಭಾವವನ್ನು ಸಾಕಿದವರು ಕೊಟ್ಟದ್ದಲ್ಲ. ‘ಇಷ್ಟು ಕಷ್ಟಪಟ್ಟು ಬೆಳೆಸಿದೆವು, ಮಗ ಪರದೇಶದಲ್ಲಿ ನೆಲೆಸಿದ, ಮೊಮ್ಮಕ್ಕಳಿಗೆ ನಮ್ಮ ನುಡಿಯೇ ಬಾರದು’ ಎಂದು ಮರುಗುವ ಹಿರಿಯರು ಇದನ್ನು ಚಿಂತಿಸಬೇಕು. ಸಂಧ್ಯಾವಂದನೆ, ಸ್ತೋತ್ರ, ತಾಯ್ನುಡಿಗಳ ಗುಟುಕನ್ನು ತಪ್ಪದೆ ನೀಡುವುದು ನಮ್ಮ ಕರ್ತವ್ಯ. ಅದರಲ್ಲಿ ಆಲಸ್ಯ ಸಲ್ಲದು. ಆದರೆ ರೆಕ್ಕೆ ಕೊಟ್ಟವನು ಶ್ರೀಹರಿ. ಹಾರುವ ದಿಕ್ಕೂ ಅವನ ಅಧೀನ. ಸಾಕಿದ ಹೆಮ್ಮೆಯನ್ನೂ, ಅಗಲಿದ ನೋವನ್ನೂ ಅವನಿಗೇ ಒಪ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು.