ವಂಶಾವಳಿಯಲ್ಲಿ ಅನ್ಯರ ಹೆಸರು



ಸುಗ್ಗಿಯಾದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹಳ್ಳಿಗಳಲ್ಲಿ ಹೆಳವರು ಎತ್ತಿನೊಡನೆ ಬಂದು, ಮನೆಯ ಮುಂದೆ ವಂಶ ಹೇಳುವುದನ್ನು ನೀವು ಕೇಳಿರಬಹುದು. ಹಿರಿಯರ ಹೊಗಳಿಕೆ ಬಂದಾಗ ಜೋಳ ಅಳೆಯುವ ಕೈ ಧಾರಾಳವಾಗುತ್ತದೆ. ಅವರ ತಪ್ಪೂ ಹೊರಬಿದ್ದರೆ?

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಕ್ವೇಕರ್ ಕ್ರೈಸ್ತರ ವಂಶ ಹುಡುಕುವವರಿಗೆ ಈ ಪ್ರಶ್ನೆ ಎದುರಾಗುತ್ತದೆ. ಕ್ವೇಕರರು ಯುದ್ಧ ಬೇಡವೆಂದವರು, ಆಣೆ ಇಡದವರು. ಮದುವೆಯ ಪತ್ರಕ್ಕೆ ನೆರೆದವರೆಲ್ಲ ಸಹಿ ಹಾಕುತ್ತಿದ್ದರು; ಹುಡುಕುವವರಿಗೆ ಅದೊಂದು ಹಬ್ಬವೇ ಸರಿ. ಆದರೆ ಕೆಲವು ಮನೆತನಗಳ ಮರಣಶಾಸನ, ಆಸ್ತಿಪಟ್ಟಿ ತೆರೆದರೆ ದನಕರು, ಪಾತ್ರೆಪಗಡಗಳ ಸಾಲಿನಲ್ಲೇ ಗುಲಾಮರ ಹೆಸರು! ಇದು ತಪ್ಪೆಂದು ಜರ್ಮನ್‌ಟೌನಿನ ನಾಲ್ವರು 1688ರಲ್ಲೇ ಬರೆದುಕೊಟ್ಟರು. ಗುಲಾಮರನ್ನು ಬಿಡದವರನ್ನು ಸಭೆಯಿಂದ ಹೊರಗಿಡಲು 1776 ಆಗಬೇಕಾಯಿತು.

ಅಂಥ ಹಾಳೆ ಮುಚ್ಚಿಟ್ಟರೆ ಸತ್ತವರ ಮಾನ ಉಳಿದೀತು ಎನ್ನುತ್ತೀರಾ? ನಾನೂ ಹಾಗೇ ಎಣಿಸಿದ್ದೆ. ಆದರೆ ಆ ಪಟ್ಟಿಯಲ್ಲಿರುವ ಹೆಂಗಸಿನ ಸಂತಾನಕ್ಕೆ ತಮ್ಮ ಅಜ್ಜಿಯ ಗುರುತು ಸಿಗುವುದು ಬಹುಶಃ ಅದೊಂದೇ ಹಾಳೆಯಲ್ಲಿ. ಯಜಮಾನನ ಮಾನಕ್ಕಾಗಿ ಅವಳನ್ನು ಇನ್ನೊಮ್ಮೆ ಇಲ್ಲವಾಗಿಸಬಹುದೇ?

ಸಂತ ಮತ್ತಾಯರು ಪ್ರಭುವಿನ ವಂಶಾವಳಿಯಲ್ಲಿ ಸೊಲೊಮೋನನ ತಾಯಿಯ ಹೆಸರು ಹೇಳದೆ, ಆಕೆ ಊರೀಯನ ಹೆಂಡತಿಯಾಗಿದ್ದವಳು ಎಂದು ಬರೆದರು. ದಾವೀದ ಕೊಲ್ಲಿಸಿದವನ ಹೆಸರು ದಾವೀದನ ವಂಶದಲ್ಲೇ ಉಳಿಯಿತು.

ನಮ್ಮಲ್ಲಿ ಜೀತವಿತ್ತು, ಕಾನೂನು ಅದನ್ನು ರದ್ದುಮಾಡಿದ್ದು 1976ರಲ್ಲಿ. ಅದಕ್ಕೂ ಹಿಂದಿನ ಲೆಕ್ಕದ ವಹಿ ನಿಮ್ಮ ಅಟ್ಟದ ಮೇಲಿದ್ದು, ಎರಡು ಚೀಲ ಜೋಳದ ಸಾಲಕ್ಕೆ ಜೀತಕ್ಕಿದ್ದವನ ಹೆಸರು ಅದರಲ್ಲಿದ್ದರೆ, ಅವನ ಮಕ್ಕಳನ್ನು ಕರೆದು ತೋರಿಸುತ್ತೀರಾ?